ಕಾಲಿಲ್ಲದ ಕಣದ ನಡಿಗೆ

ಬಿ.ಎಸ್ಸಿ. ಪ್ರಾಣಿಶಾಸ್ತ್ರದ ಮೌಖಿಕ ಪರೀಕ್ಷೆಯಲ್ಲಿ ನಾನು ಒಮ್ಮೆ ಡುಮ್ಕಿ ಹೊಡೆದಿದ್ದೆ. ಐವತ್ತರ ದಶಕದ ಮಾತು. ವಿಷಯವೆಲ್ಲ ಗೊತ್ತಿತ್ತು, ಇಂಗ್ಲಿಷಿನಲ್ಲಿ ಕೇಳಿದ ಕೂಡಲೇ ಬಾಯಿಗೆ ಬೀಗ ಬಿದ್ದಿತ್ತು. ಅಪ್ಪ ಖಡಾಖಂಡಿತವಾಗಿ ಹೇಳಿಬಿಟ್ಟರು: "ಇನ್ನೊಂದ್ ಸಲ ಫೇಲಾದ್ರೆ ಕಾಲೇಜು ಬುಟ್ಬುಡು. ಗಂಡು ನೋಡ್ತೀನಿ." ನನಗೋ ಗಂಡಿಗಿಂತ ಸೂಕ್ಷ್ಮದರ್ಶಕವೇ ಇಷ್ಟ. ಸಿಟ್ಟಿನಿಂದಲೇ ಓದಲು ಕೂತೆ.

ಒಂಟಿಕೊಪ್ಪಲಿನ ನಮ್ಮ ಮನೆಯಲ್ಲಿ ನನ್ನ ಪಾಠ ಕೇಳುತ್ತಿದ್ದವಳು ಅಜ್ಜಿ ಒಬ್ಬಳೇ. ಗಾಯಕ್ಕೆ ಕ್ರಿಮಿ ಸೇರಿದರೆ ಬಿಳಿ ರಕ್ತಕಣ ರಕ್ತನಾಳದ ಗೋಡೆಯ ಸಂದಿಯಲ್ಲಿ ನುಸುಳಿ ಅಲ್ಲಿಗೆ ಹೋಗುತ್ತದೆ ಎಂದು ಅವಳಿಗೆ ಹೇಳಿದೆ.

"ಅದ್ಕೆ ಕಾಲು ಎಷ್ಟು ಮಗಾ?"

"ಒಂದೂ ಇಲ್ಲ ಕಣಜ್ಜಿ. ಬೇಕಾದಾಗ ಮೈಯಿಂದ್ಲೇ ಒಂದು ಚಾಚ್ಕೊಳ್ತದೆ. ಆಮೇಲೆ ಒಳಕ್ಕೆ ಎಳ್ಕೊಂಡ್ಬುಡ್ತದೆ."

"ಪುಣ್ಯ ಮಾಡೈತೆ ಬುಡು. ಮಂಡಿ ನೋವೇ ಇಲ್ಲ."

ಮಂಡಿ ಹಿಡಿದಿದ್ದ ಅಜ್ಜಿ ಅಡುಗೆಮನೆಯಲ್ಲಿ ಕೂತೇ ಜರುಗುತ್ತಿದ್ದಳು. ಅಂಗೈ ಮುಂದೆ ಚಾಚಿ, ನೆಲಕ್ಕೆ ಒತ್ತಿ, ಮೈಯನ್ನು ಮುಂದಕ್ಕೆ ತಂದು, ಕೊನೆಗೆ ಹಿಂಭಾಗವನ್ನು ಎಳೆದುಕೊಳ್ಳುವಳು. ಅವಳನ್ನು ನೋಡಿದ ಮೇಲೆಯೇ ಪುಸ್ತಕದ ನಾಲ್ಕು ಪುಟ ನನ್ನ ತಲೆಗೆ ಹತ್ತಿದ್ದು.

ಪರೀಕ್ಷೆಯ ದಿನ, ಹೊರಗಿನಿಂದ ಬಂದಿದ್ದ ಪರೀಕ್ಷಕರು ಕೇಳಿದ್ದೂ ಬಿಳಿ ರಕ್ತಕಣದ ಚಲನೆಯನ್ನೇ, ಅದೂ ಇಂಗ್ಲಿಷಿನಲ್ಲಿ. ಮತ್ತೆ ಬೀಗ ಬಿತ್ತು. ಯಾವನೋ ಗಂಡಿನ ಮೀಸೆ ಕಣ್ಣ ಮುಂದೆ ಬಂತು. ದಡಕ್ಕನೆ ನೆಲದ ಮೇಲೆ ಕೂತುಬಿಟ್ಟೆ. ಅಂಗೈ ಚಾಚಿದೆ, ಒತ್ತಿದೆ, ಜರುಗಿದೆ. ಮೇಜು ಅಡ್ಡವಾಗಿತ್ತೇನೋ, ಅವರು ಕುರ್ಚಿಯನ್ನು ನನ್ನ ಪಕ್ಕಕ್ಕೇ ಎಳೆದುಕೊಂಡು ಬಗ್ಗಿ ನೋಡತೊಡಗಿದರು. ಇನ್ನೊಮ್ಮೆ ಜರುಗಲು ಹೋದೆ, ಆಗಲಿಲ್ಲ.

"ಯಾಕಮ್ಮ, ನಿಂತ್ಬಿಟ್ಟೆ?" ಕನ್ನಡದಲ್ಲೇ ಕೇಳಿದರು.

ಕನ್ನಡ ಕಿವಿಗೆ ಬಿದ್ದದ್ದೇ ತಡ, ನನಗೆ ಬಾಯಿ ಬಂತು. "ಮುಂದೆ ಹಿಡ್ಕೊಂಡ್ರೆ ಸಾಲದು ಸಾರ್. ಹಿಂದಿನ ಹಿಡಿತ ಬಿಡ್ಬೇಕು. ಬಿಡದಿದ್ರೆ ಕಣ ಉದ್ದಕ್ಕೆ ಹಿಗ್ಗಿ ಅಲ್ಲೇ ನಿಂತ್ಬಿಡುತ್ತೆ. ನಿಮ್ಮ ಕುರ್ಚಿ ನನ್ನ ಸೆರಗಿನ ಮೇಲಿದೆ."

ಅವರು ಎದ್ದು ಎರಡೂ ಕೈಯಲ್ಲಿ ಕುರ್ಚಿ ಎತ್ತಿ ಹಿಡಿದರು. ನಗು ತಡೆದು ತಡೆದು ಮುಖ ಕೆಂಪಾಗಿತ್ತು.

"ಬಿಟ್ಟೆ ಕಣಮ್ಮ," ಎಂದರು. "ಮುಂದಕ್ಕೆ ಹೋಗು."

ಪಾಸಾದೆನೆಂದು ಆಗಲೇ ಗೊತ್ತಾಯಿತು. ಅಳು ತಡೆಯಲಾಗಲಿಲ್ಲ. ಎದ್ದು ನಡೆದುಹೋಗಬಹುದಿತ್ತು, ನಾನು ಮೂಗೊರೆಸಿಕೊಳ್ಳುತ್ತ ಬಾಗಿಲವರೆಗೂ ಜರುಗಿಕೊಂಡೇ ಹೋದೆ.