ಕಿತ್ತಳೆ ಜಾಕೆಟ್ಟು

ನಮ್ಮೂರಿನ ಬೀದಿಕಂಬಗಳ ಮೇಲಿನ ಆರುನೂರು ಕ್ಯಾಮೆರಾಗಳ ಮೂತಿ ಒರೆಸುವವನು ಒಬ್ಬನೇ. ಹೆಗಲಿನಿಂದ ಏಣಿ ಇಳಿಸಿದ್ದನ್ನು ಯಾರೂ ಕಂಡಿರಲಿಲ್ಲ, ಹಾಗಾಗಿ ಎಲ್ಲರಿಗೂ ಏಣಿಯಣ್ಣ. ನಡುರಸ್ತೆಯಲ್ಲಿ ಗಾಡಿಯವರ ಕಣ್ಣಿಗೆ ಬೀಳಲೆಂದು ಅವನಿಗೊಂದು ಕಿತ್ತಳೆ ಜಾಕೆಟ್ಟು. ಅದನ್ನು ತೊಡಿಸದೆ ಅವನ ಅಕ್ಕ ಹೊಸ್ತಿಲು ದಾಟಲು ಬಿಡುತ್ತಿರಲಿಲ್ಲವಂತೆ.

ನಮ್ಮಲ್ಲಿ ಒಂದು ಕ್ಯಾಮೆರಾ ತಾನು ಕಂಡವರ ಚಹರೆಯನ್ನು ಮುಂದಿನ ಕ್ಯಾಮೆರಾಕ್ಕೆ ದಾಟಿಸುತ್ತದೆ. ಅದು ಗುರುತು ಹಿಡಿದು ಇನ್ನೊಂದಕ್ಕೆ. ಇವನೋ ದಿನವಿಡೀ ಕಂಬದಿಂದ ಕಂಬಕ್ಕೆ ಸುತ್ತುವವನು. "ಯಾರೋ ಸುಳಿದಾಡುತ್ತಿದ್ದಾರೆ" ಎಂದು ಗಂಟೆಗೆ ಹತ್ತು ಸಲ ಪರದೆ ಕೂಗಿಕೊಂಡು, ಕಂಟ್ರೋಲ್ ರೂಮಿನಲ್ಲಿ ಕೂತ ನನ್ನ ತಲೆ ಚಿಟ್ಟು ಹಿಡಿಸುತ್ತಿತ್ತು. ಕೊನೆಗೆ ಒಂದು ದಿನ ರೇಗಿ, ಆ ಜಾಕೆಟ್ಟು ತೊಟ್ಟವರನ್ನು ಲೆಕ್ಕಕ್ಕೇ ತಗೋಬೇಡ ಎಂದು ಕಂಪ್ಯೂಟರಿಗೆ ಹೇಳಿಟ್ಟೆ.

"ಅಂತೂ ನನ್ನ ಮಾಯ ಮಾಡಿಬಿಟ್ರಿ ಸಾರ್" ಎಂದು ಏಣಿಯಣ್ಣ ನಕ್ಕಿದ್ದ.

ಮೊನ್ನೆ ಬೆಳಿಗ್ಗೆ ಹನ್ನೊಂದಕ್ಕೆ ಬಾಗಿಲು ತಳ್ಳಿಕೊಂಡು ಬಂದ. ಹೆಗಲ ಮೇಲೆ ಏಣಿ ಇರಲಿಲ್ಲ.

"ಅಕ್ಕ ಕಾಣ್ತಿಲ್ಲ ಸಾರ್. ಪಕ್ಕದ ಮನೆಯೋರು ಫೋನ್ ಮಾಡಿದ್ರು."

ತಾಯಿ ಇಲ್ಲದ ಅವನನ್ನು ಸಾಕಿ ದೊಡ್ಡವನನ್ನಾಗಿ ಮಾಡಿದ ಅಕ್ಕ. ಎರಡು ವರ್ಷದಿಂದ ಮರೆವು. ಬೀದಿಗಿಳಿದರೆ ಮನೆ ಎಲ್ಲೆಂದು ತಿಳಿಯದು.

"ಆರುನೂರು ಕಣ್ಣಿವೆ ಮಾರಾಯ, ಎಲ್ಲಿಗೆ ಹೋಗ್ತಾರೆ?" ಎಂದು ಜಂಬದಿಂದಲೇ ಅವರ ಫೋಟೋ ಹಾಕಿ ಹುಡುಕಿಸಿದೆ. ಒಂದು ಕ್ಯಾಮೆರಾವೂ ಕಂಡಿಲ್ಲವೆಂದಿತು ಕಂಪ್ಯೂಟರು. ಮತ್ತೆ ಹುಡುಕಿಸಿದೆ. ಇಲ್ಲ. ಒಂದು ಗಂಟೆ ಕಳೆಯಿತು. ಅವನು ಎದ್ದು ರೈಲು ಹಳಿಯ ಕಡೆಯ ಪರದೆಗೆ ಅಂಟಿಕೊಂಡು ನಿಂತ. ಮೈಮೇಲೆ ಬರೀ ಅಂಗಿ ಇದ್ದದ್ದು ಆಗ ನನ್ನ ಕಣ್ಣಿಗೆ ಬಿತ್ತು.

"ಜಾಕೆಟ್ಟೆಲ್ಲಿ?"

"ಬೆಳಿಗ್ಗೆ ಅವಸರದಲ್ಲಿ ಮನೇಲೇ ಬಿಟ್ಟು ಬಂದೆ."

ಜಾಕೆಟ್ಟು ಕಂಡದ್ದಕ್ಕೆ ಕಂಪ್ಯೂಟರು ತಳ್ಳಿಹಾಕಿದ ಚಿತ್ರಗಳ ಕಡತ ತೆರೆದೆ. ನಲವತ್ತೊಂದು ಕ್ಯಾಮೆರಾಗಳಲ್ಲಿ ಅಕ್ಕ ಇದ್ದರು! ಮೊಣಕಾಲಿನ ತನಕ ಜೋಲುವ ಜಾಕೆಟ್ಟು ತೊಟ್ಟು, ಒಂದೊಂದು ಕಂಬದ ಬುಡದಲ್ಲೂ ನಿಂತು, ಕತ್ತೆತ್ತಿ ನೇರ ನಮ್ಮತ್ತಲೇ ನೋಡಿ ಏನೋ ಕೂಗುತ್ತಿದ್ದರು.

"ಕಂಬದ ಮೇಲೆ ನನ್ನ ಹುಡುಕ್ತಿದಾಳೆ" ಎಂದ ಏಣಿಯಣ್ಣ.

ಕೊನೆಯ ಚಿತ್ರ ನಮ್ಮ ಕಚೇರಿ ಗೇಟಿನದು. ಅರ್ಧ ಗಂಟೆಯಿಂದ ಅಲ್ಲೇ ನಿಂತಿದ್ದರು! ಇಬ್ಬರೂ ಬಿದ್ದೆವೋ ಎದ್ದೆವೋ ಎಂದು ಓಡಿದೆವು. ಬಿಸಿಲಿಗೆ ಅಕ್ಕನ ಮುಖ ಕೆಂಪಾಗಿತ್ತು, ಒಂದು ಕಾಲಲ್ಲಿ ಚಪ್ಪಲಿ ಇರಲಿಲ್ಲ. ತಮ್ಮನನ್ನು ಕಂಡವರೇ ಜಾಕೆಟ್ಟು ಬಿಚ್ಚಿ ಅವನ ಎದೆಗೆ ಒತ್ತಿದರು.

"ಹಾಕ್ಕೊಳೋ. ಇದಿಲ್ದಿದ್ರೆ ನೀನು ಯಾರ ಕಣ್ಣಿಗೂ ಬೀಳಲ್ಲ."

ಅವರ ಮುಖ ನೋಡುವ ಧೈರ್ಯ ನನಗಾಗಲಿಲ್ಲ.