ಚನ್ನಬಸಪ್ಪ ಮಾಸ್ತರರ ಹಳೆಯ ಪರದೆ

ಚನ್ನಬಸಪ್ಪ ಮಾಸ್ತರರಿಗೆ ನಾನು ಸುಳ್ಳು ಹೇಳಿದೆ. ಒಂದೇ ಸಾಲಿನ ಸುಳ್ಳು. "ಇಲ್ರಿ ಮಾಸ್ತರ, ಹಳೇದು ಹೋತ್ರಿ" ಎಂದೆ. ಹಳೆಯದು ಹೋಗಿರಲಿಲ್ಲ. ಅದು ಎಲ್ಲಿದೆಯೆಂದು ನನಗೆ ಗೊತ್ತಿತ್ತು. ಹಿಂದಿನ ದಿನವೇ ಅದನ್ನು ತೆರೆದು ನೋಡಿ, ನನ್ನ ಕೈಯಾರೆ ಮುಚ್ಚಿಟ್ಟಿದ್ದೆ. ಆ ಒಂದು ಸಾಲನ್ನು ನಂಬಿದ ಮನುಷ್ಯ ಏಳು ವರ್ಷ ತಮ್ಮ ತಲೆ ಕೆಟ್ಟಿದೆ ಎಂದೇ ತಿಳಿದು ಬದುಕಿದರು. ಮನೆಯವರೂ ಹಾಗೆಯೇ ತಿಳಿದರು.

ಬ್ಯಾಡಗಿಯಲ್ಲಿ ಆಗ ನಮ್ಮದೊಂದು ಸಣ್ಣ ಸ್ಟುಡಿಯೋ ಇತ್ತು. ನಮ್ಮದು ಎನ್ನುವುದು ಬಾಯಿ ರೂಢಿ. ಅದು ಮೆಣಸಿನಕಾಯಿ ವ್ಯಾಪಾರದ ಸಾವುಕಾರ ವೀರಭದ್ರಪ್ಪನವರದು. ಹಾಡಿನ ಹುಚ್ಚಿದ್ದ ಅವರು ಅಂಗಡಿಯ ಮೇಲಿನ ಎರಡು ಕೋಣೆಗಳಿಗೆ ಗೋಣಿತಟ್ಟು, ರಗ್ಗು ಹೊಡೆಸಿ, ಹೊರಗಿನ ಸದ್ದು ಬರದಂತೆ ಮಾಡಿಸಿದ್ದರು. ಸದ್ದು ನಿಂತಿತು, ಘಾಟು ನಿಲ್ಲಲಿಲ್ಲ. ಸುಗ್ಗಿಯ ತಿಂಗಳುಗಳಲ್ಲಿ ಪಲ್ಲವಿ ಮುಗಿಯುವುದರೊಳಗೆ ಯಾರಾದರೊಬ್ಬರು ಸೀನುತ್ತಿದ್ದರು. ಹಾಗಾಗಿ ಭಜನೆ, ಸೋಬಾನೆ, ತತ್ವಪದ — ನಮ್ಮ ಕ್ಯಾಸೆಟ್ಟುಗಳೆಲ್ಲ ಬೇಸಿಗೆ ಇಳಿದ ಮೇಲೆಯೇ ಆಗುತ್ತಿದ್ದವು.

ಧ್ವನಿಮುದ್ರಣ ಮಾಡುತ್ತಿದ್ದವರು ಮಾಸ್ತರರು. ಶಾಲೆಯ ಮಾಸ್ತರರಲ್ಲ, ತಬಲಾ ಕಲಿಸುತ್ತಿದ್ದುದರಿಂದ ಬಂದ ಹೆಸರು. ಮೊದಲು ಮದುವೆ-ಮುಂಜಿವೆಗಳಿಗೆ ಸ್ಪೀಕರ್ ಸೆಟ್ ಹಚ್ಚುತ್ತಿದ್ದರು. ಓದಿದ್ದು ನಾಲ್ಕನೆಯ ಇಯತ್ತೆ. ಸಾವುಕಾರರು ಕಂಪ್ಯೂಟರ್ ತಂದಾಗ ಮಾಸ್ತರರಿಗೆ ಐವತ್ತು ದಾಟಿತ್ತು. ಇಂಗ್ಲಿಷಿನ ಒಂದು ಅಕ್ಷರ ಬಾರದ ಅವರು ಹಾಡು ಮುದ್ರಿಸುವ ಆ ಸಾಫ್ಟ್‌ವೇರನ್ನು ಮನೆಯ ಅಡುಗೆಕೋಣೆ ಕಲಿತ ಹಾಗೆ ಕಲಿತರು — ಯಾವ ಡಬ್ಬಿ ಎಲ್ಲಿದೆ ಎಂದು. ಎಡಗಡೆ ಮೇಲಿನ ಮೂಲೆಯ ಮೂರನೆಯ ಗುಂಡಿ ಒತ್ತಿದರೆ ಮುದ್ರಣ ನಿಲ್ಲುತ್ತದೆ. ಕತ್ತರಿಯ ಚಿತ್ರ ಕತ್ತರಿಸುತ್ತದೆ. ಪ್ರತಿಧ್ವನಿ ಕೊಡುವ ಚಿತ್ರಕ್ಕೆ ಅವರು "ಬಾವಿ" ಎನ್ನುತ್ತಿದ್ದರು. "ಸ್ವಲ್ಪ ಬಾವಿ ಹಾಕೋಣು" ಎಂದು ಮೌಸು ಎಳೆದರೆ, ಹಾಡುವವರ ದನಿ ಗುಡಿಯೊಳಗೆ ಕುಳಿತು ಹಾಡಿದಂತೆ ತುಂಬಿಕೊಳ್ಳುತ್ತಿತ್ತು.

ನಾನು ರಾಣೆಬೆನ್ನೂರಿನವಳು. ಡಿಗ್ರಿ ಮುಗಿಸಿ, ಆರು ತಿಂಗಳ ಕಂಪ್ಯೂಟರ್ ಕೋರ್ಸ್ ಮಾಡಿ, ದಿನಾ ರೈಲಿಗೆ ಬ್ಯಾಡಗಿಗೆ ಬರುತ್ತಿದ್ದೆ. ನನ್ನ ಕೆಲಸ ಕ್ಯಾಸೆಟ್ಟಿನ ಡಬ್ಬಿಯೊಳಗೆ ಇಡುವ ಕಾರ್ಡು ತಯಾರಿಸುವುದು: ಹಾಡಿನ ಪಟ್ಟಿ, ಹಾಡಿದವರ ಹೆಸರು, ಕೆಳಗೆ — ಧ್ವನಿಮುದ್ರಣ: ಚನ್ನಬಸಪ್ಪ ಮಾಸ್ತರ. ಆ ಸಾಲನ್ನು ಎಷ್ಟು ಸಲ ಟೈಪು ಮಾಡಿದ್ದೇನೋ.

ಅವರು ನನಗೆ ಕೆಟ್ಟವರಾಗಿರಲಿಲ್ಲ. ಇದನ್ನು ಮೊದಲೇ ಹೇಳಬೇಕು. ಕೆಲಸವಿಲ್ಲದ ಮಧ್ಯಾಹ್ನಗಳಲ್ಲಿ ಹೆಡ್‌ಫೋನು ನನ್ನ ಕಿವಿಗೆ ಕೊಟ್ಟು, "ಕಣ್ಣ ಮುಚ್ಚು ತಂಗಿ. ತಬಲಾ ಎಲ್ಲಿ ಕುಂತೈತಿ ಹೇಳು" ಎನ್ನುತ್ತಿದ್ದರು. ತಬಲಾ ಎಡಕ್ಕೆ, ಹಾರ್ಮೋನಿಯಂ ಬಲಕ್ಕೆ, ದನಿ ನಡುವೆ — ಇದನ್ನೆಲ್ಲ ನನಗೆ ಕೇಳಿಸಿದವರು ಅವರು. ಅವರು ಕೂರುತ್ತಿದ್ದ ಕುರ್ಚಿಯ ಆಸೆ ಹತ್ತಿದ್ದೂ ಆಗಲೇ. ಅವರು ಎದ್ದು ಹೋದ ಕೂಡಲೇ ನಾನು ಅದರಲ್ಲಿ ಕೂತು ನೋಡುತ್ತಿದ್ದೆ. ಸುಮ್ಮನೆ ಕೂತು ಏಳುತ್ತಿದ್ದೆ.

ಆ ವರ್ಷ ಮಳೆಗಾಲದ ಮೊದಲಿಗೆ ಹುಬ್ಬಳ್ಳಿಯ ಕಂಪ್ಯೂಟರ್ ಅಂಗಡಿಯವರು ಬಂದು ಸಾಫ್ಟ್‌ವೇರಿನ ಹೊಸ ಆವೃತ್ತಿ ಹಾಕಿ ಹೋದರು. ಪರದೆ ಪೂರ್ತಿ ಬದಲಾಗಿತ್ತು. ಒಳ್ಳೆಯದಕ್ಕೇ ಬದಲಾಗಿತ್ತು — ಇಂದಿಗೂ ನಾನು ಹಾಗೆಯೇ ಹೇಳುತ್ತೇನೆ. ಕಣ್ಣು ಕುಕ್ಕುವ ಬಿಳಿ ಹೋಗಿ ತಣ್ಣನೆಯ ಬೂದುಬಣ್ಣ ಬಂದಿತ್ತು. ಮೊದಲು ಒಂದರ ಮೇಲೊಂದು ಬಿದ್ದು ಅಡ್ಡವಾಗುತ್ತಿದ್ದ ಕಿಟಕಿಗಳೆಲ್ಲ ಒಂದೇ ಪರದೆಯಲ್ಲಿ ಅಚ್ಚುಕಟ್ಟಾಗಿ ಕೂತಿದ್ದವು. ದನಿಯ ಅಲೆಯನ್ನು ಉಸಿರು ಎಳೆದುಕೊಂಡ ಜಾಗ ಕಾಣುವಷ್ಟು ಹಿಗ್ಗಿಸಬಹುದಿತ್ತು. ಎಲ್ಲಕ್ಕಿಂತ ಹೆಚ್ಚಾಗಿ, ಮಾಡಿದ ಕೆಲಸವೆಲ್ಲ ಒಂದರ ಕೆಳಗೊಂದು ಪಟ್ಟಿಯಾಗಿ ನಿಲ್ಲುತ್ತಿತ್ತು. ತಪ್ಪು ಮಾಡಿದರೆ ಪಟ್ಟಿಯಲ್ಲಿ ಎಷ್ಟು ಹೆಜ್ಜೆ ಬೇಕೋ ಅಷ್ಟು ಹಿಂದಕ್ಕೆ ಹೋಗಬಹುದಿತ್ತು. ನಾನು ಒಂದೇ ದಿನದಲ್ಲಿ ಅದಕ್ಕೆ ಒಗ್ಗಿದೆ.

ಮಾಸ್ತರರು ಕೂತರು. ಕೈ ಎಡಗಡೆಯ ಮೂಲೆಗೆ ಹೋಯಿತು, ನಿಂತಿತು. ಕತ್ತರಿ ಇರಲಿಲ್ಲ. ಬಾವಿ ಇರಲಿಲ್ಲ. ಚಿತ್ರಗಳಿದ್ದ ಕಡೆಯೆಲ್ಲ ಸಣ್ಣ ಸಣ್ಣ ಇಂಗ್ಲಿಷ್ ಅಕ್ಷರ. ಅವರು ಮೂಲೆ ಮೂಲೆ ಹುಡುಕಿ, "ಯಾರೋ ಮನಿ ಹೊಕ್ಕಂಗ ಆಗೇತಲ್ಲವಾ" ಎಂದು ನಕ್ಕರು.

ಮರುದಿನ ಅವರು ಊಟಕ್ಕೆ ಹೋದಾಗ ನಾನು ಸೆಟ್ಟಿಂಗುಗಳನ್ನು ಒಂದೊಂದಾಗಿ ತೆರೆದು ಓದುತ್ತಿದ್ದೆ. ಒಂದು ಪುಟದ ತೀರ ಕೆಳಗೆ ಚಿಕ್ಕ ಚೌಕವಿತ್ತು. ಪಕ್ಕದಲ್ಲಿ, ಹಳೆಯ ವಿನ್ಯಾಸವೇ ಬೇಕಾದವರು ಇಲ್ಲಿ ಗುರುತು ಹಾಕಿ ಎಂದು ಇಂಗ್ಲಿಷಿನಲ್ಲಿ ಬರೆದಿತ್ತು. ಹಾಕಿದೆ. ಪರದೆ ಒಮ್ಮೆ ಕಪ್ಪಾಗಿ — ಕತ್ತರಿ, ಬಾವಿ, ಮೂಲೆಯ ಮೂರನೆಯ ಗುಂಡಿ, ಎಲ್ಲ ಬಂದವು. ಹಾಗೆಯೇ ಬಿಟ್ಟು ಎದ್ದಿದ್ದರೆ ಈ ಬರಹವಿರುತ್ತಿರಲಿಲ್ಲ. ನಾನು ಎಷ್ಟು ಹೊತ್ತು ನೋಡಿದೆನೋ... ಆಮೇಲೆ ಆ ಗುರುತು ತೆಗೆದೆ.

ಯಾಕೆ ತೆಗೆದೆ? ಹೊಸದು ಕಲಿಯಲಿ ಎಂಬ ಒಳ್ಳೆಯ ಬುದ್ಧಿಯಿಂದ ಎಂದು ಬಹಳ ವರ್ಷ ನನಗೆ ನಾನೇ ಹೇಳಿಕೊಂಡೆ. ಅಲ್ಲ. ಅವರ ಕೈ ತಡವರಿಸಿದ್ದನ್ನು ನೋಡಿದಾಗ ನನ್ನೊಳಗೆ ಏನೋ ಹಗುರಾಗಿತ್ತು. ಆ ಹಗುರ ಇನ್ನೂ ಸ್ವಲ್ಪ ದಿನ ಇರಲಿ ಎನ್ನಿಸಿತು — ಅಷ್ಟೇ.

ಅದರ ಮರುದಿನವೇ ಅವರು ಕೇಳಿದರು. "ಸುಜಾತಾ, ನೀ ಇಂಗ್ಲಿಷ್ ಓದಾಕಿ. ಹಳೇದನ್ನ ತಿರುಗಿ ತರಾಕ ಬರಂಗಿಲ್ಲೇನವಾ?"

"ಇಲ್ರಿ ಮಾಸ್ತರ, ಹಳೇದು ಹೋತ್ರಿ. ಇನ್ಮ್ಯಾಲ ಇದ ರೀ."

"ಹಂಗಾರ ಆತು" ಎಂದರು. ಮತ್ತೆ ಕೇಳಲಿಲ್ಲ. ನನ್ನನ್ನು ನಂಬಿದ್ದರಲ್ಲ, ಮತ್ತೆ ಯಾಕೆ ಕೇಳುತ್ತಾರೆ?

ಇದರ ಮೇಲೆ ನಾನು ಇನ್ನೊಂದು ಕೆಲಸ ಮಾಡಿದೆ. ಇದು ಸುಳ್ಳಿಗಿಂತ ಹೆಚ್ಚು ಚುಚ್ಚುತ್ತದೆ. ಹೊಸ ಗುಂಡಿಗಳ ಜಾಗವನ್ನು ಕನ್ನಡದಲ್ಲಿ ಒಂದು ಹಾಳೆಯ ಮೇಲೆ ಬರೆದುಕೊಟ್ಟೆ. ಅದನ್ನು ಅವರು ಮಡಚಿ ಅಂಗಿಯ ಕಿಸೆಯಲ್ಲಿಟ್ಟುಕೊಂಡು ತೆಗೆತೆಗೆದು ನೋಡುತ್ತಿದ್ದರು. "ತಂಗಿ ಎಷ್ಟ ಚಲೋ ಬರಕೊಟ್ಟಾಳ ನೋಡ್ರಿ" ಎಂದು ಸಾವುಕಾರರಿಗೆ ತೋರಿಸಿದರು. ಆದರೆ ಹಾಡು ಓಡುತ್ತಿರುವಾಗ ಹಾಳೆ ಓದಲು ಹೊತ್ತೆಲ್ಲಿ? ಅವರ ಬೆರಳಿಗೆ ಹಳೆಯ ಜಾಗ ಗೊತ್ತಿತ್ತು, ಕಣ್ಣಿಗೆ ಹೊಸದು ಕಾಣುತ್ತಿತ್ತು, ಎರಡೂ ಕೂಡುತ್ತಿರಲಿಲ್ಲ. ಹಾವೇರಿಗೆ ಹೋಗಿ ಚಸ್ಮಾ ಬದಲಿಸಿಕೊಂಡು ಬಂದರು. ಆಗಲೂ ಆಗಲಿಲ್ಲ. "ಕಣ್ಣಿಂದಲ್ಲವಾ, ತಲಿ ಓಡವಲ್ದು" ಎಂದು ಒಂದು ದಿನ ಹಣೆ ಒತ್ತಿಕೊಂಡರು. ನಾನು ಚಹಾ ತರಿಸಿದೆ.

ಕದರಮಂಡಲಗಿಯಿಂದ ಆಂಜನೇಯನ ಭಜನೆಯ ಮೇಳ ಬಂದದ್ದು ಆ ತಿಂಗಳೇ. ಮೇಳದ ಹಿರಿಯಳು ತಿಪ್ಪವ್ವ. ಅರವತ್ತು ದಾಟಿದ ಹೆಂಗಸು. ಬೆಳಗಿನಿಂದ ಹಾಡಿ ಹಾಡಿ, ಮಧ್ಯಾಹ್ನದ ಹೊತ್ತಿಗೆ ಆಕೆಯ ದನಿ ಒಂದು ಹದಕ್ಕೆ ಬಂತು. ಆ ಹಾಡು ಮುಗಿಯಿತು. ಮಾಸ್ತರರ ಕಣ್ಣು ತುಂಬಿದ್ದವು. ಅದೇ ಕಣ್ಣಿನಲ್ಲಿ ಅವರು ಕೈ ಚಾಚಿ, ಎಡಗಡೆ ಮೇಲಿನ ಮೂಲೆಯ ಮೂರನೆಯ ಗುಂಡಿ ಒತ್ತಿದರು.

ಹೊಸ ಪರದೆಯಲ್ಲಿ ಅಲ್ಲಿದ್ದದ್ದು ಅಳಿಸುವ ಗುಂಡಿ. ಅಳಿಸಲೇ ಎಂದು ಅದು ಇಂಗ್ಲಿಷಿನಲ್ಲಿ ಕೇಳಿತು. ಮೊದಲಿನ ಪರದೆ ಆ ಹೊತ್ತಿಗೆ ಉಳಿಸಲೇ ಎಂದು ಕೇಳುತ್ತಿತ್ತು, ಅವರು ಹೌದು ಎನ್ನುತ್ತಿದ್ದರು. ಈಗಲೂ ಹೌದು ಎಂದರು. ನಾನು ಪಕ್ಕದಲ್ಲೇ ಇದ್ದೆ. ಬೇಡ ಎನ್ನಲು ಹೊತ್ತಿರಲಿಲ್ಲ — ಹೀಗೆ ಬರೆದು ನೋಡಿದೆ. ಸುಳ್ಳು. ಹೊತ್ತಿತ್ತು.

ಅಲೆಯೆಲ್ಲ ಮಾಯವಾಗಿ ಪರದೆ ಬರಿದಾಯಿತು. ವಿಷಯ ತಿಳಿದಾಗ ತಿಪ್ಪವ್ವ ಗಂಟಲ ಮೇಲೆ ಕೈಯಿಟ್ಟುಕೊಂಡಳು. "ಯಪ್ಪಾ, ಇನ್ನೊಮ್ಮಿ ಆ ದನಿ ಬರಂಗಿಲ್ಲೋ" ಎಂದಳು. ಸಿಟ್ಟಿಲ್ಲ, ಬರೀ ದಣಿವು. ಮೇಳದವರು ಕೆಳಗಿಳಿದರು, ಮಾಸ್ತರರು ಬರಿಗಾಲಲ್ಲೇ ಅವರ ಹಿಂದೆ ಕೈ ಮುಗಿಯುತ್ತ ಇಳಿದರು.

ನಾನು ಕುರ್ಚಿಯಲ್ಲಿ ಕೂತೆ. ಪಟ್ಟಿ ತೆರೆದು ಒಂದು ಹೆಜ್ಜೆ ಹಿಂದಕ್ಕೆ ಹೋದೆ. ಹಾಡು ಬಂತು. ಒಂದು ನಿಮಿಷದ ಕೆಲಸ. ಅವರು ಮೆಟ್ಟಿಲಿಳಿಯುವ ಮೊದಲೇ ಮಾಡಬಹುದಿತ್ತು. ಹಾಡು ಬಂದ ಮೇಲೂ ಯಾರನ್ನೂ ಕರೆಯದೆ ಸಾವುಕಾರರು ಬರುವವರೆಗೆ ಕಾದೆ.

ಸಾವುಕಾರರು ಹಾಡು ಕೇಳಿ ನನ್ನ ತಲೆಯ ಮೇಲೆ ಕೈಯಿಟ್ಟರು. "ಇನ್ಮ್ಯಾಲ ನೀನ ಕುಂದ್ರವಾ ಇಲ್ಲಿ" ಎಂದರು. ಮಾಸ್ತರರು ಬಾಗಿಲಲ್ಲಿ ನಿಂತಿದ್ದರು. ಒಳಗೆ ಬಂದು, ಕಣ್ಣು ಮುಚ್ಚಿ, ತಿಪ್ಪವ್ವನ ಹಾಡನ್ನು ಪೂರ್ತಿ ಕೇಳಿದರು. "ಉಳಿಸಿದಿ ತಂಗಿ. ಚಲೋ ಆತು" ಎಂದು ಹೇಳಿ, ಗೂಟದಲ್ಲಿದ್ದ ತಮ್ಮ ಟೋಪಿ ತೆಗೆದುಕೊಂಡು ಹೋದರು. ಮರುದಿನ ಬರಲಿಲ್ಲ. ಆ ಕ್ಯಾಸೆಟ್ಟಿನ ಕಾರ್ಡಿನ ಮೇಲೆ ನಾನು ನನ್ನ ಹೆಸರು ಟೈಪು ಮಾಡಿದೆ.

ಆಮೇಲಿನದನ್ನು ನಾನು ಅಲ್ಲಿ ಇಲ್ಲಿ ಕೇಳಿ ತಿಳಿದದ್ದು. ಅವರು ತಮ್ಮ ಊರು ಅಗಡಿಗೆ, ಮಗನ ಮನೆಗೆ ಹೋದರಂತೆ. ತಬಲಾ ಬಿಟ್ಟರಂತೆ. ಮಾಸ್ತರಗ ಮರವಿನ ರೋಗ ಅಂತ ಊರೆಲ್ಲ ಮಾತು. ಇತ್ತ ನನಗೆ ಹಾವೇರಿಗೆ ಮದುವೆಯಾಯಿತು. ಸಿಡಿ ಬಂದು, ಮೊಬೈಲಿನಲ್ಲೇ ಹಾಡು ತುಂಬಿಸಿಕೊಳ್ಳುವ ಕಾಲ ಬಂದು, ಸ್ಟುಡಿಯೋ ಕೂಡ ಮುಚ್ಚಿತು. ನಾನು ಮರೆತೇಬಿಟ್ಟಿದ್ದೆ ಎಂದರೆ ಅದೂ ಸುಳ್ಳಾದೀತು. ಮರೆತಂತೆ ಇದ್ದೆ.

ಹೋದ ತಿಂಗಳು ಹಾವೇರಿಯ ದವಾಖಾನೆಯಲ್ಲಿ ಅವರನ್ನು ಕಂಡೆ. ಹೆಂಡತಿ ಗಂಗಮ್ಮನವರು ಅವರ ರಟ್ಟೆ ಹಿಡಿದುಕೊಂಡಿದ್ದರು. "ಒಬ್ಬರನ್ನ ಬಿಡಾಕ ಆಗಂಗಿಲ್ಲವಾ, ಮರವು ಐತೆಲ್ಲ" ಎಂದು ಅವರೆದುರಿಗೇ ಹೇಳಿದರು. ಮಾಸ್ತರರು ನನ್ನನ್ನು ನೋಡಿದ ಕೂಡಲೇ ಗುರುತು ಹಿಡಿದರು. "ಸುಜಾತಾ, ತಿಪ್ಪವ್ವ ಹ್ಯಾಂಗದಾಳ?" ಎಂದರು. ತೀರಿಕೊಂಡಳು ಎಂದೆ. "ಹಾರ್ಮೋನಿಯಂನ ಕಾಳಿ ಎರಡರ ಶ್ರುತಿ ಆಕೀದು. ಆ ದಿನ ಮೂರನೇ ನುಡಿಯಾಗ ಸ್ವಲ್ಪ ಏರಿದ್ಲು, ಆದ್ರೂ ಎಷ್ಟ ಚಂದ ಇಳದ್ಲು" ಎಂದರು.

ಅವರು ಒಂದನ್ನೂ ಮರೆತಿರಲಿಲ್ಲ. ಏಳು ವರ್ಷದ ಹಿಂದಿನ ಒಂದು ಹಾಡಿನ ಮೂರನೆಯ ನುಡಿಯನ್ನೂ.

ಮರುವಾರ ಅಗಡಿಗೆ ಹೋದೆ. ಪಡಸಾಲೆಯಲ್ಲಿ ಇಬ್ಬರೂ ಇದ್ದರು. ಕೂಡ್ರುವ ಮೊದಲೇ ಹೇಳಿದೆ — ಚೌಕ, ಗುರುತು, ನಾನು ಅದನ್ನು ತೆಗೆದದ್ದು, ತಿಪ್ಪವ್ವನ ಹಾಡು ಸಿಕ್ಕರೂ ಸಾವುಕಾರರಿಗಾಗಿ ಕಾದದ್ದು. ಮಾಸ್ತರರು ಕೇಳಿದ್ದು ಒಂದೇ: "ಎಲ್ಲಿತ್ತವಾ ಅದು?"

ತೋರಿಸಿದೆ. ಒಂದು ವಹಿಯ ಹಿಂದಿನ ಹಾಳೆಯಲ್ಲಿ ಪರದೆ ಬರೆದು, ಕೆಳಗಿನ ಚೌಕ ಬರೆದೆ. ಅವರು ಬೆರಳಿಟ್ಟು ನೋಡಿದರು. "ಹಂಗಾರ ನನ್ನ ತಲಿ ಸರಿ ಇತ್ತು" ಎಂದರು. ಗಂಗಮ್ಮನವರ ಕಡೆ ತಿರುಗಿ ಇನ್ನೊಮ್ಮೆ, ಸ್ವಲ್ಪ ಜೋರಾಗಿ: "ಕೇಳಿದಿಲ್ಲ? ನನ್ನ ತಲಿ ಸರಿ ಇತ್ತಂತ."

ಗಂಗಮ್ಮನವರು ನನ್ನನ್ನೇ ನೋಡುತ್ತಿದ್ದರು. "ಏಳು ವರ್ಷ ಅವರನ್ನ ಒಬ್ಬರನ್ನ ಬಸ್ಸಿಗೆ ಕಳಿಸಿಲ್ಲ ನಾವು" ಎಂದರು. "ಮಮ್ಮಗನ್ನ ಎತಗೊಂಡ್ರ ಕೈಯಾಗಿಂದ ಇಸಗೊಳ್ತಿದ್ದಿವಿ, ಎಲ್ಲ್ಯಾರ ಮರತು ಬಿಟ್ಟಾರಂತ."

ನಾನು ಕ್ಷಮೆ ಕೇಳಲಿಲ್ಲ. ಕೇಳಿದರೆ ಕೊಟ್ಟುಬಿಟ್ಟಾರು ಎಂಬ ಹೆದರಿಕೆಯಾಯಿತು.

ಎದ್ದು ನಿಂತಾಗ ಮಾಸ್ತರರು ಹೇಳಿದರು: "ನನಗ ಹೇಳಿದಿ. ಸಾವುಕಾರ್ರಿಗೂ ಹೇಳು. ಆ ಕದರಮಂಡಲಗಿ ಮ್ಯಾಳದವ್ರಿಗೂ ಹೇಳು. ಅವರ ಮುಂದ ಕೈ ಮುಗದೇನಿ ನಾನು." ಆಮೇಲೆ ಒಳಗೆ ಹೋಗಿ ಟೋಪಿ ಹಾಕಿಕೊಂಡು ಬಂದು ಚಪ್ಪಲಿ ಮೆಟ್ಟಿದರು. "ಹಾವೇರಿಗೆ ಹೋಗಿ ಬರ್ತೀನಿ" ಎಂದು ಹೆಂಡತಿಗೆ ಹೇಳಿದರು. ಗಂಗಮ್ಮನವರು ಅಭ್ಯಾಸದಿಂದ ಎದ್ದವರು ಹಾಗೆಯೇ ಕೂತರು.

ಅವರು ಮುಂದೆ, ನಾನು ನಾಲ್ಕು ಹೆಜ್ಜೆ ಹಿಂದೆ. ಬಸ್ಸು ಬಂತು. ಬಾಗಿಲ ಕಂಬಿ ಹಿಡಿದು ಹತ್ತಿ, ಕಿಟಕಿಯ ಪಕ್ಕ ಕೂತರು. ನನಗೂ ಅದೇ ಬಸ್ಸು ಬೇಕಿತ್ತು. ನಾನು ಹತ್ತಲಿಲ್ಲ. ಅವರು ಒಬ್ಬರೇ ಹೋಗಬೇಕಿತ್ತು.

ಸಾವುಕಾರರಿಗೆ ಹೇಳಿಯಾಯಿತು. "ಹಳೇ ಮಾತು, ಬಿಡವಾ" ಎಂದು ನಕ್ಕರು. ಆ ನಗು ನನ್ನನ್ನು ಹಗುರ ಮಾಡಲಿಲ್ಲ, ಮಾಡಬಾರದು ಕೂಡ. ಬರುವ ಶನಿವಾರ ಕದರಮಂಡಲಗಿಗೆ ಹೊರಟಿದ್ದೇನೆ. ತಿಪ್ಪವ್ವ ಇಲ್ಲ, ಮೇಳ ಇದೆ; ಶನಿವಾರ ಸಂಜೆ ಎಲ್ಲರೂ ಭಜನೆಗೆ ಕೂಡುತ್ತಾರೆ. ಹಾಡು ಶುರುವಾಗುವ ಮೊದಲೇ ಹೇಳಬೇಕು. ಮುಗಿದ ಮೇಲೆ ಹೇಳೋಣ ಎಂದು ಕೂತರೆ, ನಾನು ಮತ್ತೆ ಸುಮ್ಮನೆ ಎದ್ದು ಬಂದುಬಿಡುತ್ತೇನೆ.