ನನ್ನ ಪಾಲಿನ ಬಂಗಾಳಿ ಸಾಲುಗಳು

ನಾವು ನೆಲೆಸಿರುವ ಪರದೇಶದ ಬಡಾವಣೆ ಮೌಂಟ್ ರಾಸ್ಕಿಲ್‌ನ ಬಸ್‌ಸ್ಟಾಪಿನಲ್ಲಿ ಈಗಲೂ ನಾನು ಅಂಗಡಿಯ ಗೋಡೆಗೆ ಬೆನ್ನು ಕೊಟ್ಟೇ ನಿಲ್ಲುತ್ತೇನೆ. ಆ ಮಧ್ಯಾಹ್ನ ಕಳೆದು ಏಳು ತಿಂಗಳಾಯಿತು. ಬಸ್ಸಿಗೆ ಕಾಯುವಾಗ ತುಟಿ ತಾನಾಗಿಯೇ ಬಂಗಾಳಿಯ ಒಂದು ಸಾಲು ಹೇಳಿ ನಿಂತುಬಿಡುತ್ತದೆ. ಮುಂದಿನ ಸಾಲು ನನಗೆ ಬಾರದು. ಅದು ಆಂಟಿಯದು.

ಆಂಟಿ ನಮ್ಮ ಪಕ್ಕದ ಮನೆಯಲ್ಲಿದ್ದವರು, ಢಾಕಾ ಕಡೆಯವರು. ವೃದ್ಧಾಶ್ರಮವೊಂದರಲ್ಲಿ ಬಟ್ಟೆ ಒಗೆಯುವ ಕೆಲಸ. ಶನಿವಾರ ಮಧ್ಯಾಹ್ನ ಎರಡೂ ಬಂಗಾಳದವರು ಒಂದು ಹಾಲ್‌ನಲ್ಲಿ ಸೇರಿ ಕವಿತೆ ಹೇಳುತ್ತಿದ್ದರು. ಹಿಂದೂಗಳು, ಮುಸ್ಲಿಮರು, ಡಾಕ್ಟರು, ಕ್ಲೀನರು ಎಲ್ಲರಿಗೂ ಅವೇ ಪ್ಲಾಸ್ಟಿಕ್ ಕುರ್ಚಿ. ಮೈಸೂರಿನವಳಾದ ನಾನು ಮೊದಲು ಹೋದದ್ದು ಆಂಟಿ ಮಾಡುವ ಖಿಚುಡಿಯ ಆಸೆಗೆ. ಆಮೇಲೆ ಅವರು ತಾವೇ ಬರೆದ ಕವಿತೆಗೆ, ಬಂಗಾಳಿ ಬಾರದ ನನಗೆ ಸಾಲು ಬಾಯಿಪಾಠ ಮಾಡಿಸಿ, ನನ್ನನ್ನು ಜೊತೆಗಾತಿ ಮಾಡಿಕೊಂಡರು.

ಒದ್ದೆ ಚಾದರ ಹಿಂಡಿ ಮಡಿಸಲು ಇಬ್ಬರು ಬೇಕು. ಹಾಗೆಯೇ ಆ ಕವಿತೆಗೂ ಎರಡು ದನಿ, ಒಂದು ಸಾಲು ಅವರದು, ಒಂದು ನನ್ನದು. ಅದರಲ್ಲಿ ಊರಿನವರ ಹಾಸಿಗೆ ಬಟ್ಟೆಯನ್ನೆಲ್ಲ ಒಗೆಯುವ ಹೆಂಗಸರು ತಮಗೂ ಒಂದು ದಿನದ ವಿಶ್ರಾಂತಿ ಕೇಳುತ್ತಾರೆ. ಯಾರನ್ನೂ ಬಯ್ಯುವುದಿಲ್ಲ. ನೀನೂ ಬಾ, ಆ ತುದಿ ಹಿಡಿ ಎನ್ನುತ್ತಾರೆ. ಹಾಲ್‌ನ ಪದ್ಧತಿಯಂತೆ ಕಾಗದ ನೋಡಿ ಹೇಳುವಂತಿಲ್ಲ, ಇನ್ನೊಬ್ಬರ ಸಾಲು ಕಲಿಯುವಂತೆಯೂ ಇಲ್ಲ. ಕಲಿತರೆ ಕೇಳಿಸಿಕೊಳ್ಳುವುದು ನಿಂತುಹೋಗುತ್ತದಂತೆ.

ಆ ದಿನ ಹಾಲ್‌ನಿಂದ ಬಂದು ಬಸ್‌ಸ್ಟಾಪಿನಲ್ಲಿ ಮೆಲ್ಲಗೆ ಹೇಳಿಕೊಳ್ಳುತ್ತಿದ್ದೆವು. ಯೂಟ್ ಎಂಬ ಸಣ್ಣ ಸರಕು ಗಾಡಿಯೊಂದರಿಂದ ಇಳಿದ ಗಂಡಸೊಬ್ಬ, ತನ್ನ ಬಗ್ಗೆ ಏನು ಆಡಿಕೊಳ್ಳುತ್ತಿದ್ದೀರಿ ಎಂದು ಕೇಳಿದ. ಇದು ಕವಿತೆ ಎಂದು ಆಂಟಿ ನಕ್ಕರು. ಇಂಗ್ಲಿಷ್ ಮಾತಾಡಿ ಎಂದು ಅರಚಿ ಅವರ ತಲೆವಸ್ತ್ರ ಎಳೆದ. ಕೈಯಲ್ಲಿದ್ದ ಬಾಟಲಿ ಬೀಸಿದ. ಅದು ಕಂಬಕ್ಕೆ ಬಡಿದು ಒಡೆದು, ಚೂರು ಆಂಟಿಯ ಮುಂಗೈ ಸೀಳಿತು.

ನಾನು ಓಡಿದೆ. ರಸ್ತೆಯಾಚೆ, ಇಲ್ಲಿಯವರು ಡೈರಿ ಎನ್ನುವ ದಿನಸಿ ಅಂಗಡಿಯ ಗಾಜಿನ ಹಿಂದೆ ನಿಂತು ನೋಡಿದೆ. ಪೊಲೀಸರಿಗೆ ಫೋನ್ ಮಾಡಿದ್ದೂ ಅಂಗಡಿಯವನೇ. ಮತ್ತೆ ಮತ್ತೆ ಕಣ್ಣಿಗೆ ಬರುವುದು ಬಾಟಲಿಯಲ್ಲ, ರಸ್ತೆ ದಾಟುತ್ತಿದ್ದ ನನ್ನ ಚಪ್ಪಲಿಗಳು.

ಗಾಯ ಒಣಗುವ ಮೊದಲೇ ಆಂಟಿ ದೂರದ ಊರಿನಲ್ಲಿರುವ ಮಗಳ ಮನೆಗೆ, ರೊಟೊಟೂನಕ್ಕೆ ಹೊರಟುಹೋದರು. ಪಾತ್ರೆ ತೊಳೆಯುವಾಗ ಬೇಲಿಯಾಚೆಯಿಂದ ಆಂಟಿ ನನ್ನನ್ನು ಮಗಳೆಂಬಂತೆ ಕರೆಯುತ್ತಿದ್ದ 'ಮಾ' ಎಂಬ ದನಿಗೆ ಕಿವಿ ಕೊಡುತ್ತೇನೆ. ಅಲ್ಲೀಗ ಬೇರೆ ಯಾರೋ ಇದ್ದಾರೆ.

ಅವನು ಸಿಕ್ಕಿಬಿದ್ದು ತಪ್ಪೊಪ್ಪಿಕೊಂಡ. ಈ ದೇಶದಲ್ಲಿ ಅಂಥವನನ್ನೂ ನೊಂದವರನ್ನೂ, ಇಬ್ಬರೂ ಒಪ್ಪಿದರೆ, ಶಿಕ್ಷೆಗೆ ಮುಂಚೆ ಎದುರುಬದುರು ಕೂರಿಸಿ ಮಾತಾಡಿಸುತ್ತಾರೆ. ಆಂಟಿ ಒಪ್ಪಿದರು. ಆ ಕವಿತೆಯನ್ನೇ ಅವನೆದುರು ಹೇಳೋಣ, ಬಾ ಎಂದು ನನ್ನನ್ನು ಕರೆದರು. ರಜೆ ಸಿಗುವುದಿಲ್ಲ ಎಂದುಬಿಟ್ಟೆ.

"ಹೋಗ್ಲೇಬೇಕು ಅಂತೇನಿಲ್ಲ ಕಣೆ," ಎಂದರು ನನ್ನ ಗಂಡ. "ಆದ್ರೆ ಅವರ ಹತ್ರ ಯಾಕೆ ಸುಳ್ಳು ಹೇಳ್ದೆ?"

ಆಂಟಿ ಒಬ್ಬರೇ ಹೋದರು. ಅಂದು ಸಂಜೆ ನಮ್ಮ ಎಂದಿನ ಹಿಂದಿ–ಇಂಗ್ಲಿಷ್ ಬೆರಕೆಯಲ್ಲಿ ಫೋನಿನಲ್ಲಿ ಎಲ್ಲ ಹೇಳಿದರು. ಮೊದಲು ಅವನಿಗೆ ಇಂಗ್ಲಿಷಿನಲ್ಲಿ ಅರ್ಥ ಹೇಳಿದರಂತೆ, ಆಮೇಲೆ ಕವಿತೆ. ನನ್ನ ಸಾಲು ಬಂದಾಗಲೆಲ್ಲ ಸುಮ್ಮನೆ ಕೂತರಂತೆ. ಎರಡನೇ ಸಲ ಅವನು ತಲೆಯೆತ್ತಿ, ಮರೆತುಹೋಯಿತೇ ಎಂದು ಕೇಳಿದ. ಮರೆತಿಲ್ಲ, ನಿನಗೆ ಹೆದರಿ ಓಡಿದಳಲ್ಲ, ಇದು ಅವಳದು ಎಂದರು ಆಂಟಿ. ಅವರೂ ಬರುತ್ತಾರಾ ಎಂದು ಅವನು ಕೇಳಿದ.

ನಾನು ಓಡಿದ್ದನ್ನು ಅವರು ನೋಡಿದ್ದರು. ಅದರ ಬಗ್ಗೆ ಅವರಿಂದ ಬಂದ ಮಾತು ಅಷ್ಟೇ.

"ಕ್ಷಮಿಸು ಅಂತ ಹೇಳ್ತಿಲ್ಲ ಮಾ, ನಾನೇ ಇನ್ನೂ ಕ್ಷಮಿಸಿಲ್ಲ," ಎಂದರು. "ಆದ್ರೆ ಅವನಿಗೆ ಅರ್ಧ ಕವಿತೆ ಕೇಳಿಸಿ ಕಳಿಸೋದು ನ್ಯಾಯ ಅಲ್ಲ."

ಕವಿತೆಯಿಂದ ಶಾಂತಿ ಬರುತ್ತದೆ ಎಂದು ಯಾರಾದರೂ ಭಾಷಣ ಮಾಡಿದರೆ ನನಗೆ ನಗು ಬರುತ್ತಿತ್ತು. ಈಗಲೂ ನಂಬಿಕೆ ಸಾಲದು. ಆದರೆ ಬಾಟಲಿ ಎತ್ತಿದ್ದ ಮನುಷ್ಯ ಕೈಕಟ್ಟಿ ಕೂತು, ತನಗೆ ಅರ್ಥವಾಗದ ಭಾಷೆಯಲ್ಲಿ ಮುಂದಿನ ಸಾಲು ಯಾವುದೆಂದು ಕಾದಿದ್ದಾನೆ.

ಅವನೊಂದಿಗೆ ಎರಡನೇ ಭೇಟಿ ಮುಂದಿನ ಮಂಗಳವಾರ ಬೆಳಿಗ್ಗೆ ಹತ್ತಕ್ಕೆ ಎಂದು ತಿಳಿಸಿದ್ದಾರೆ. ರಜೆ ಹಾಕಿದ್ದೇನೆ. ಅವನ ಮುಖ ನೋಡಿದಾಗ ದನಿ ಹೊರಡುತ್ತದೋ ಇಲ್ಲವೋ ಗೊತ್ತಿಲ್ಲ. ಆಂಟಿಯ ಪಕ್ಕದ ಕುರ್ಚಿಯನ್ನು ನನಗೇ ಕೊಡಬೇಕೆಂದು ಮಾತ್ರ ಕೇಳಿಕೊಂಡಿದ್ದೇನೆ.